ಕೊಕ್ಕರೆಯ ಕಾಲು

"ಕಣ್ಣು ಎಲ್ರೀ?" ಎಂದರು ಹಲ್ಲಿನ ಡಾಕ್ಟರು.

ವಾಚ್ ರಿಪೇರಿಯವನು ತಲೆ ತಗ್ಗಿಸಿದ. ಗ್ರಂಥಾಲಯದ ಓದುಕೋಣೆಯ ಮೇಜಿನ ಮೇಲೆ ಅವನು ತೆಗೆದ ಕೊಕ್ಕರೆಯ ಫೋಟೋ ಅಂಗಾತ ಬಿದ್ದುಕೊಂಡಿತ್ತು. ಡಾಕ್ಟರು ಊರಿನ ಹಕ್ಕಿ ಫೋಟೋ ಬಳಗದ ಕಾರ್ಯದರ್ಶಿ. ಎಲೆ ಉದುರುವ ಕಾಲದ ಪ್ರದರ್ಶನದಲ್ಲಿ ಯಾರ ಫೋಟೋ ಗೋಡೆ ಹತ್ತಬೇಕು, ಯಾರದು ಮನೆಗೆ ವಾಪಸ್ ಹೋಗಬೇಕು ಎಂದು ತೀರ್ಮಾನಿಸುವವರು ಅವರೇ. ಬಾಯಿ ತೆರೆಸಿ ಹುಳುಕು ಹುಡುಕುವುದೇ ಕಸುಬಾದವರ ಕೈಗೆ ಫೋಟೋ ಕೊಟ್ಟರೆ ಇನ್ನೇನಾಗುತ್ತದೆ ಹೇಳಿ.

"ಹಕ್ಕಿ ಫೋಟೋ ಅಂದ್ರೆ ಮೊದಲು ಕಣ್ಣು. ನಿಮ್ದರಲ್ಲಿ ಕಣ್ಣು ಮಂಜು ಮಂಜು, ಕಾಲು ಮಾತ್ರ ಕನ್ನಡಿ ಥರ ಬಂದಿದೆ. ಕಾಲಿನ ಫೋಟೋ ತೆಗೆಯೋಕೆ ಹೋಗಿದ್ರಾ?"

"ಹೇಗೋ ಹಾಗಾಗೋಯ್ತು ಡಾಕ್ಟ್ರೇ."

"ಮುಂದಿನ ವರ್ಷ ನೋಡೋಣ." ಹೋದ ವರ್ಷವೂ, ಅದರ ಹಿಂದಿನ ವರ್ಷವೂ ಹೇಳಿದ್ದು ಇದೇ ಮಾತು.

ಫೋಟೋವನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೊರಟ. ವರ್ಷವಿಡೀ ಅವನು ಕಾಯುವುದು ಎಲೆ ಉದುರುವ ಈ ಎರಡು ತಿಂಗಳಿಗೆ. ಬೇಸಿಗೆಯಲ್ಲಿ ಎಲೆಮರೆಯಿಂದ ಕೂಗಿ ಕೂಗಿ ಆಟ ಆಡಿಸಿದ ಹಕ್ಕಿಗಳೆಲ್ಲ ಬೋಳು ಕೊಂಬೆಗಳ ಮೇಲೆ ಸಿಕ್ಕಿಬೀಳುವುದು ಈಗಲೇ. ದೂರದೂರಿಗೆ ಹೊರಟ ಕೊಕ್ಕರೆಗಳು ಕೆರೆಯಲ್ಲಿಳಿದು ಎರಡು ದಿನ ದಣಿವಾರಿಸಿಕೊಳ್ಳುವುದೂ ಈಗಲೇ. ಬೆಳಕು ಹರಿಯುವ ಮೊದಲೇ ಹೋಗಿ, ಒದ್ದೆ ಹುಲ್ಲಿನಲ್ಲಿ ಬೋರಲು ಮಲಗಿ, ಮೊದಲ ಬಿಸಿಲು ರೆಕ್ಕೆಗೆ ತಾಗುವ ತನಕ ಉಸಿರು ಬಿಗಿಹಿಡಿದು ಕಾಯುವ ಸುಖ ಇದೆಯಲ್ಲ, ಅದನ್ನು ಹೇಳಲು ಹೋದರೆ ಜನ ಹುಚ್ಚು ಅನ್ನುತ್ತಾರೆ. ಅಕ್ಕ ಅಂತೂ ದಿನಾ ಅನ್ನುತ್ತಾಳೆ.

ಅಕ್ಕ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು. ತಮ್ಮನ ಮುಖ ನೋಡಿದ ಕೂಡಲೇ ಅವಳಿಗೆ ವಿಷಯ ತಿಳಿಯಿತು.

"ಏನಂತೋ ಈ ಸಲ?"

"ಕಣ್ಣು ಬಿಟ್ಟು ಕಾಲು ತೆಗೆದಿದ್ದೀರ ಅಂದ್ರು."

"ಚಳೀಲಿ ಎರಡು ಗಂಟೆ ಮಲಗಿ, ನನಗೆ ಒಂದು ವಾರ ಕಷಾಯ ಕಾಯಿಸೋ ಕೆಲಸ ಹಚ್ಚಿ, ಕಡೆಗೆ ಕಾಲು ತೆಗೆದ್ಯಾ?"

"ಕಾಲಲ್ಲಿ ಒಂದು ಬಳೆ ಇತ್ತಕ್ಕ. ಫಳಕ್ ಅಂತು. ಕೈ ತಾನಾಗೇ ಅಲ್ಲಿಗೆ ಹೋಯ್ತು."

ಇದು ಸುಳ್ಳಲ್ಲ. ಮೂವತ್ತೈದು ವರ್ಷ ಸಾಸಿವೆಯಂಥ ತಿರುಪುಗಳನ್ನು ಹುಡುಕಿದ ಕಣ್ಣು ಅದು. ಎದುರಿಗೆ ಎಂಥ ಚೆಲುವು ನಿಂತಿದ್ದರೂ ಚೂರು ಲೋಹ ಮಿನುಗಿದರೆ ಸಾಕು, ಅಲ್ಲಿಗೇ ಓಡುತ್ತದೆ. ಊರಿನ ಬೇರಾವ ಫೋಟೋಗಾರನೂ ಮಾಡದ ತಪ್ಪು.

ಅಕ್ಕ ಸುರುಳಿ ಬಿಚ್ಚಿ ಕೊಕ್ಕರೆಯ ಕೆಂಪು ಕಾಲನ್ನೇ ನೋಡುತ್ತ ನಿಂತಳು. "ಹುಟ್ಟಿದ ಕೂಸಿನ ಕಾಲಿಗೆ ನಾವು ನಂಬರ್ ಪಟ್ಟಿ ಕಟ್ತಿದ್ವಿ. ಚೆಂದಕ್ಕೆ ಕಟ್ತಿದ್ವೇನೋ? ಇದಕ್ಕೂ ಯಾರೋ ಕಟ್ಟಿದ್ದಾರೆ. ಏನು ಬರೆದಿದೆ ಅಂತ ಓದಿದ್ಯಾ?"

ಓದಿರಲಿಲ್ಲ. ಫೋಟೋದಲ್ಲಿ ಹಕ್ಕಿಯ ಕಣ್ಣು ಕೆಟ್ಟಿತಲ್ಲ ಎಂಬ ಸಂಕಟದಲ್ಲಿ ಅದು ಅವನಿಗೆ ಹೊಳೆದೇ ಇರಲಿಲ್ಲ. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ತಂದು ಫೋಟೋದ ಮೇಲೆ ಬಗ್ಗಿದ. ಕೆಸರು ನೀರಿನಲ್ಲಿ ಸವೆದು ನುಣ್ಣಗಾದ ಬಳೆ. ಬೇರೆಯವರಾಗಿದ್ದರೆ ಕೈಚೆಲ್ಲುತ್ತಿದ್ದರು. ಆದರೆ ಅಜ್ಜಂದಿರ ಕಾಲದ ವಾಚುಗಳ ಬೆನ್ನ ಮೇಲೆ ಅಳಿಸಿಹೋದ ನಂಬರು ಓದುವುದು ಅವನಿಗೆ ದಿನನಿತ್ಯದ ಕೆಲಸ. ಎರಡು ಅಕ್ಷರ, ನಾಲ್ಕು ಅಂಕಿ. ಕೊನೆಯದು ಮೂರೋ ಎಂಟೋ ಎಂದು ಒಂದು ಗಳಿಗೆ ಅನುಮಾನ ಬಂತು. ಸವೆದ ಎಂಟು ಹೇಗಿರುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಕ್ಕ ಅದನ್ನು ಬರೆದುಕೊಂಡು, ಹಕ್ಕಿಗಳಿಗೆ ಬಳೆ ತೊಡಿಸುವ ಕಚೇರಿಯನ್ನು ಫೋನಿನಲ್ಲಿ ಹುಡುಕಿ ಫೋಟೋ ಸಮೇತ ಮೇಲ್ ಕಳಿಸಿದಳು.

ಪ್ರದರ್ಶನಕ್ಕೆ ಒಂದು ದಿನ ಇದೆ ಅನ್ನುವಾಗ ಉತ್ತರ ಬಂತು. ಬರೆದವರು ಬಳೆ ತೊಡಿಸಿದ ಹೆಂಗಸೇ. ಹನ್ನೊಂದು ವರ್ಷದ ಹಿಂದೆ ಬಿರುಗಾಳಿಗೆ ಗೂಡು ಬಿದ್ದು, ಎರಡು ಮರಿ ಸತ್ತು, ಇದೊಂದು ಉಳಿದಿತ್ತಂತೆ. ರೆಕ್ಕೆ ಉಳುಕಿತ್ತಂತೆ. ಬದುಕುವುದು ಅನುಮಾನವೆಂದುಕೊಂಡೇ ಬಳೆ ಹಾಕಿ ಹಾರಲು ಬಿಟ್ಟಿದ್ದರಂತೆ. ಆಮೇಲೆ ಅದನ್ನು ಕಂಡವರು ಯಾರೂ ಇಲ್ಲ. 'ನಿಮ್ಮ ಫೋಟೋ ನೋಡಿ ಇಡೀ ಕಚೇರಿ ಎದ್ದು ನಿಂತಿತು' ಎಂದು ಮುಗಿಸಿದ್ದರು.

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. "ಹುಚ್ಚ ಅಂದಿದ್ದನ್ನ ವಾಪಸ್ ತಗೊಂಡೆ ಕಣೋ," ಎಂದಳು. "ಅರ್ಧ."

ಅವತ್ತು ಸಂಜೆ ಗ್ರಂಥಾಲಯದ ಓದುಕೋಣೆಯಲ್ಲಿ ಡಾಕ್ಟರು ಸ್ಟೂಲಿನ ಮೇಲೆ ನಿಂತು ಮೊಳೆ ಹೊಡೆಯುತ್ತಿದ್ದರು. ಗೋಡೆಯಲ್ಲಿ ಇಪ್ಪತ್ತು ಹಕ್ಕಿಗಳು, ನಲವತ್ತು ಫಳಫಳ ಕಣ್ಣು. ಕಂಕುಳಲ್ಲಿ ಫೋಟೋದ ಸುರುಳಿ ಇಟ್ಟುಕೊಂಡೇ ಬಂದ ವಾಚ್ ರಿಪೇರಿಯವನು, ಮೇಲ್‌ನ ಉತ್ತರವನ್ನು ಪ್ರಿಂಟ್ ಹಾಕಿಸಿದ ಕಾಗದ ಕೊಟ್ಟ. ಸ್ಟೂಲಿನ ಮೇಲೆಯೇ ಓದಿದರು. ಇಳಿದು ಬಂದು ಕುರ್ಚಿಯಲ್ಲಿ ಕೂತು ಮತ್ತೊಮ್ಮೆ ಓದಿದರು. ಆಮೇಲೆ ಎದ್ದು ಹೋಗಿ, ನಡುಗೋಡೆಯಲ್ಲಿದ್ದ ತಮ್ಮದೇ ಮಿಂಚುಳ್ಳಿಯ ಫೋಟೋವನ್ನು ಚೌಕಟ್ಟಿನಿಂದ ಬಿಡಿಸಿ, ಆ ಜಾಗದಲ್ಲಿ ಕೊಕ್ಕರೆಯನ್ನು ಕೂರಿಸಿ ತೂಗುಹಾಕಿದರು. ಎರಡು ಹೆಜ್ಜೆ ಹಿಂದೆ ಬಂದು ನೋಡಿದರು. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಏನೇ ಹೇಳಿ, ಕಣ್ಣು ಮಸುಕಾಗಿದೆಯಪ್ಪ."

ವಾಚ್ ರಿಪೇರಿಯವನು ಈ ಸಲ ತಲೆ ತಗ್ಗಿಸಲಿಲ್ಲ.

"ನಿಜ ಡಾಕ್ಟ್ರೇ. ಕಣ್ಣು ನೋಡಿದ್ರೆ ಅದು ಯಾವ ಹಕ್ಕಿ ಅಂತ ಗೊತ್ತಾಗುತ್ತೆ. ಕಾಲು ನೋಡಿದ್ದಕ್ಕೆ ಇದು ಯಾರು ಅಂತ ಗೊತ್ತಾಯ್ತು."