ಎರಡು ಹಸಿರು ಪಾಠಗಳು

ಪೇಪರ್ ಲೀಕ್ ಆಗಿದೆ, ಅದರಲ್ಲಿ ಸಂಶಯವೇ ಬೇಡ ಎಂದುಕೊಂಡಳು ವಿಮಲಾ.

ಒಂಬತ್ತನೇ ತರಗತಿಯ ಗಣಿತದ ಅಂಕಗಳನ್ನು ಪಾಠವಾರು ಬಿಡಿಸಿ ಎಕ್ಸೆಲ್ ಶೀಟಿಗೆ ತುಂಬಿದ್ದಳು. ಕಡಿಮೆ ಬಂದರೆ ಕೆಂಪು, ಚೆನ್ನಾಗಿ ಬಂದರೆ ಹಸಿರು. ಬೀಜಗಣಿತ ಕೆಂಪು. ರೇಖಾಗಣಿತ ಕೆಂಪು. ಎರಡನ್ನೂ ಗಂಟಲು ಹರಿದುಕೊಂಡು ಕಲಿಸಿದವಳು ಅವಳೇ. ಅವಳು ಚಿಕೂನ್‌ಗುನ್ಯಾ ಹಿಡಿದು ವೆಸ್ಟ್ ಮಾಂಬಲಂನ ಮನೆಯಲ್ಲಿ ನರಳುತ್ತಿದ್ದಾಗ ನಡೆದ ಎರಡು ಪಾಠ ಮಾತ್ರ ಮೇಲಿನಿಂದ ಕೆಳಗಿನವರೆಗೆ ಹಚ್ಚ ಹಸಿರು.

ಆಗ ಅವಳ ಬದಲಿಗೆ ಹಾಕಿದ್ದು ಚರಣ್‌ನನ್ನು. ಕುಂದಾಪುರದ ಹುಡುಗ, ಕಂಪ್ಯೂಟರ್ ಮೇಷ್ಟ್ರು, ಸೇರಿ ವರ್ಷ ತುಂಬಿಲ್ಲ. ನಮ್ಮ ಕಡೆಯವನು ಎಂದು ಶಿಫಾರಸು ಮಾಡಿ ಸೇರಿಸಿದವಳೂ ಅವಳೇ. ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆದವನು ಅವನು. ಈಗ ಅವಳನ್ನು ಕಂಡರೆ ಕಾರಿಡಾರಿನಲ್ಲಿ ದಾರಿ ಬದಲಿಸುತ್ತಾನೆ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇನ್ನೇನು?

ಪ್ರಿನ್ಸಿಪಾಲ್ ಶ್ರೀಪ್ರಿಯಾ ಮೇಡಂಗೆ ಕಂಡದ್ದು ಬಣ್ಣ ಮಾತ್ರ.

"ಚರಣ್ ಅದ್ಭುತವಾಗಿ ಕಲಿಸಿದ್ದಾರೆ. ಸೋಮವಾರ ಅವರು ಒಂದು ಗಣಿತದ ಕ್ಲಾಸ್ ತಗೊಳ್ಳಲಿ. ನೀವು ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಮುಂದಿನ ವರ್ಷ ಹತ್ತನೇ ತರಗತಿ ಯಾರಿಗೆ ಅನ್ನುವುದನ್ನು ಆಮೇಲೆ ತೀರ್ಮಾನಿಸೋಣ."

ಹತ್ತನೇ ತರಗತಿ ಯಾರಿಗೆ ಅಂತೆ! ತಲೆಯಲ್ಲಿ ಬಿಳಿಕೂದಲು ಬರುವಷ್ಟು ಕಾಲ ಅದು ಅವಳದ್ದೇ ಆಗಿತ್ತು. ಈಗ ಮೀಸೆ ಸರಿಯಾಗಿ ಮೂಡದ ಹುಡುಗನ ಮುಂದೆ ಹಿಂದಿನ ಬೆಂಚು. ಅವಮಾನಕ್ಕೆ ಊಟ ಸೇರಲಿಲ್ಲ.

ಕಳ್ಳತನ ಬಯಲು ಮಾಡಿಯೇ ಬಿಡುತ್ತೇನೆಂದು ನೇರ ತರಗತಿಗೆ ಹೋದಳು. ಆ ಎರಡು ಪಾಠಗಳ ಮೇಲೆ, ಯಾವ ಪೇಪರಿನಲ್ಲೂ ಇಲ್ಲದ ಲೆಕ್ಕಗಳನ್ನು ನಿಂತಲ್ಲೇ ಹುಟ್ಟಿಸಿ ಬೋರ್ಡಿಗೆ ಬರೆದಳು. ಮಕ್ಕಳು ಗೊಣಗದೆ ತಲೆ ತಗ್ಗಿಸಿ ಬಿಡಿಸಿದರು. ಹೆಚ್ಚುಕಡಿಮೆ ಎಲ್ಲರದ್ದೂ ಸರಿ. ಲೀಕೂ ಇಲ್ಲ, ಮಣ್ಣೂ ಇಲ್ಲ.

"ಚರಣ್ ಸರ್ ಹೇಗೆ?" ಎಂದು ಕೇಳಿದಳು, ಧ್ವನಿ ಆದಷ್ಟು ಮೆತ್ತಗೆ ಮಾಡಿಕೊಂಡು.

ಮಕ್ಕಳು ಮುಖ ಮುಖ ನೋಡಿಕೊಂಡರು. ಆ ತಮಿಳು ಮಕ್ಕಳ ನಡುವೆ ಮನೆಯಲ್ಲಿ ಕನ್ನಡ ಆಡುವ ಅನ್ವಿತಾ ಎದ್ದು ನಿಂತಳು. "ಸಾರ್ ರೊಂಬ ಒಳ್ಳೆಯವರು ಮಿಸ್. ನಮಗೆ ಒಂದು ದಿನವೂ ಬೈದಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬೈಯುವುದು ತಾನೊಬ್ಬಳೇ ಎಂದು ಚುಚ್ಚುತ್ತಿದ್ದಾರೆ ಅನ್ನಿಸಿ ವಿಮಲಾಳ ಕಣ್ಣು ಹನಿಗೂಡಿತು.

ಸಂಜೆ ಕಂಪ್ಯೂಟರ್ ಲ್ಯಾಬಿಗೆ ಹೋದಾಗ ಚರಣ್ ಒಬ್ಬನೇ ಇದ್ದ. ಅವಳನ್ನು ಕಂಡದ್ದೇ ಎದ್ದು ನಿಂತ.

"ನೀನು ಗೆದ್ದೆ ಮಾರಾಯ," ಎಂದಳು. ಆ ಮಾತು ಬಾಯಿಂದ ಹೊರಡಿಸುವಷ್ಟರಲ್ಲಿ ಸಾಕುಸಾಕಾಯಿತು. "ಹೇಗೆ ಕಲಿಸಿದೆ ಅಂತ ನನಗೂ ಹೇಳಿಕೊಡು."

ಚರಣ್ ಹೋಗಿ ಬಾಗಿಲು ಹಾಕಿ ಬಂದ. "ಅಕ್ಕ, ಸೋಮವಾರದ್ದು ಹೇಗಾದರೂ ತಪ್ಪಿಸಿ. ಇಲ್ಲದಿದ್ದರೆ ನನ್ನ ಕೆಲಸ ಹೋಗ್ತದೆ."

"ಯಾಕೆ?"

"ನನಗೆ ಲೆಕ್ಕ ಅಂದರೆ ಹೆದರಿಕೆ. ನಿಮ್ಮ ರಜೆಯಲ್ಲಿ ಒಂದು ದಿನವೂ ಆ ಕ್ಲಾಸಿಗೆ ಕಾಲಿಟ್ಟಿಲ್ಲ. ಇಲ್ಲೇ ಅಡಗಿ ಕೂತಿದ್ದೆ. ಮಕ್ಕಳೂ ಯಾರಿಗೂ ಹೇಳಲಿಲ್ಲ."

ವಿಮಲಾಳಿಗೆ ಹೋದ ಜೀವ ಬಂದಂತಾಯಿತು. ಈ ಹುಡುಗ ತನಗಿಂತ ಒಳ್ಳೆಯ ಮೇಷ್ಟ್ರಲ್ಲ. ಮೇಷ್ಟ್ರೇ ಅಲ್ಲ. ಹತ್ತನೇ ತರಗತಿ ತನ್ನದೇ. ನಗು ತಡೆಯಲಾಗದೆ ಪಕ್ಕದ ಕುರ್ಚಿಯಲ್ಲಿ ಕೂತಳು.

"ಅಯ್ಯೋ ಪೆದ್ದ. ಹಾಗಾದರೆ ಆ ಎರಡು ಪಾಠ ಮಾಡಿದ್ದು ಯಾರು?"

"ಯಾರೂ ಮಾಡಲಿಲ್ಲ ಅಕ್ಕ," ಎಂದ ಚರಣ್. "ಪುಸ್ತಕ ಬಿಚ್ಚಿಟ್ಟುಕೊಂಡು ಮಕ್ಕಳೇ ಕಲಿತುಕೊಂಡರು."