ಮ್ಯಾಡಕ್ಸನ ಜ್ವರ

“ನೀವು ಹೊಡೆದು ಬೀಳಿಸಿದ್ದೆಲ್ಲ ಹಿಟ್ಟಿನ ಮೂಟೆಗಳು ದೊಡ್ಡಪ್ಪ. ನಿಮ್ಮ ಕಾಲದಲ್ಲಿ ಬಾಕ್ಸರ್ ಅನ್ನಿಸಿಕೊಳ್ಳೋರು ಯಾರಿದ್ರು?” ಅಂತ ಬಸ್ ಡ್ರೈವರ್ ಡೇರಿಯಸ್ ಕಾಲೆಳೆದಾಗ, ಹಳೇ ಹೆವಿವೇಟ್ ಚಾಂಪಿಯನ್ ಗೇನ್ಸ್ ಸಲೂನಿನ ಕುರ್ಚಿಯಲ್ಲಿ ಮುಖದ ಮೇಲೆ ಬಿಸಿ ಟವೆಲ್ ಹಾಕಿಕೊಂಡು ಒರಗಿದ್ದ. ಫಿಲಡೆಲ್ಫಿಯಾದ ಆ ಸಲೂನಿನಲ್ಲಿ ಶನಿವಾರ ಬಂತೆಂದರೆ ಇದೇ ವಾದ. ತನ್ನನ್ನು ಆಮೆ ಅಂದರೂ, ಬರೀ ಅದೃಷ್ಟ ಅಂದರೂ ಅವನು ಟವೆಲ್ಲಿನೊಳಗೇ ನಗುತ್ತಿದ್ದ.

ಇವತ್ತು ಮೂಟೆ ಅಂದದ್ದಕ್ಕೆ ಟವೆಲ್ ತೆಗೆದ. ಡೇರಿಯಸನ ಬೆರಳು ಹಿಡಿದು ತನ್ನ ಹುಬ್ಬಿನ ಮೇಲಿದ್ದ ಗುಳಿಯಲ್ಲಿ ಇಟ್ಟ. “ಇದು ಮ್ಯಾಡಕ್ಸ್ ಕೊಟ್ಟಿದ್ದು. ಮೈ ಸುಡೋ ಜ್ವರದಲ್ಲಿ ಕೊಟ್ಟಿದ್ದು ಕಣಪ್ಪ. ಆ ಜ್ವರ ಇಲ್ದೇ ಇದ್ದಿದ್ರೆ ಚಾಂಪಿಯನ್ ಬೆಲ್ಟು ಅವನ ಸೊಂಟದಲ್ಲಿರ್ತಿತ್ತು.”

ಪಕ್ಕದ ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದ ಮ್ಯಾಡಕ್ಸ್, ಕ್ಷೌರಿಕನ ಕೈ ಹಿಡಿದು ನಿಲ್ಲಿಸಿದ. ಗೇನ್ಸನ ಕೈಲಿ ಸೋತ ದಿನದಿಂದ ಇವತ್ತಿನವರೆಗೂ ಕಂಡಕಂಡವರಿಗೆಲ್ಲ ಆ ಜ್ವರದ ಕತೆ ಹೇಳಿಕೊಂಡು ಬಂದವನು ಅವನೇ. ಕನ್ನಡಿಯಲ್ಲೇ ಗೇನ್ಸನನ್ನು ನೋಡಿದ.

“ಜ್ವರ ಇರ್ಲಿಲ್ಲ ಕಣೋ,” ಅಂದ. “ಅವತ್ತಿನಷ್ಟು ಚೆನ್ನಾಗಿ ನಾನು ಯಾವತ್ತೂ ಹೊಡೆದಾಡಿಲ್ಲ.”