ಕುಸುಮಾ ಮೇಡಂ ಬರೆದ ಒಂದೇ ಒಂದು ಲೇಖನ

ಒಂದು ಕಪ್ ಚಹಾ ಆರುವಷ್ಟರಲ್ಲಿ ಓದಿ ಮುಗಿಸಬಹುದು... ಆದರೆ ದಯವಿಟ್ಟು ಕೊನೆಯವರೆಗೂ ಓದಿ.

ಸವಿತಾ ಹಳ್ಳಿಕೇರಿ ಧಾರವಾಡ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ವಿದ್ಯಾರ್ಥಿನಿ. ಜೋಳದ ಹೊಲಗಳಲ್ಲಿ ಬೆಳೆಯುವ ಕಳೆಗಿಡಗಳ ಮೇಲೆ ಅವಳ ಸಂಶೋಧನೆ.

ಮೂವತ್ತು ವರ್ಷದ ಹಿಂದೆ ಯಾವ ಗಿಡಗಳಿದ್ದವು, ಈಗ ಯಾವುವು ಕಾಣೆಯಾಗಿವೆ... ಇದೇ ಅವಳ ಪ್ರಶ್ನೆ.

ಈಗಿನದನ್ನು ಹೊಲ ಹೊಲ ತಿರುಗಿ ತಾನೇ ಬರೆದುಕೊಂಡಿದ್ದಳು. ಹಿಂದಿನದು ತಿಳಿಯಬೇಕಾದರೆ ಹಳೆಯ ಜರ್ನಲ್ ಲೇಖನಗಳು ಬೇಕು. ಹದಿನೈದು ಲೇಖನಗಳ ಪಟ್ಟಿ ಮಾಡಿದ್ದಳು.

ಆದರೆ ಇಂಟರ್ನೆಟ್‌ನಲ್ಲಿ ಯಾವುದನ್ನು ತೆರೆದರೂ ಅದೇ ಕಥೆ... ಹತ್ತು ಸಾಲಿನ ಸಾರಾಂಶ, ಅದರ ಕೆಳಗೆ ಒಂದು ಬೀಗದ ಚಿತ್ರ!

ಯಾರನ್ನಾದರೂ ಕೇಳೋಣವೆಂದರೆ ನಾಚಿಕೆ. ಮೂರನೇ ವರ್ಷಕ್ಕೆ ಬಂದರೂ ಇಷ್ಟೂ ಗೊತ್ತಿಲ್ಲವೇ ಅಂದುಬಿಟ್ಟರೆ?

ಕೊನೆಗೆ ಸಾರಾಂಶಗಳನ್ನೇ ಓದಿ ಅಧ್ಯಾಯ ಬರೆದು ಗೈಡ್ ಮುಂದಿಟ್ಟಳು. ಅವರು ಎರಡು ಪುಟ ತಿರುವಿದರು, ಅಷ್ಟೇ.

"ಇದರಾಗ ಒಂದನ್ನರ ಪೂರ್ತಿ ಓದೀಯೇನು? ಓದಲಾರದ ಹೆಸರು ಹಾಕಬ್ಯಾಡ. ತಿಂಗಳೊಳಗ ಮೂಲ ಲೇಖನ ಸಿಗಲಿಲ್ಲಂದ್ರ ಈ ಅಧ್ಯಾಯನ ತಗದುಬಿಡು."

ಆ ಅಧ್ಯಾಯವೇ ಹೋದರೆ ಮೂರು ವರ್ಷದ ಅಲೆದಾಟಕ್ಕೆ ಅರ್ಥ ಉಳಿಯುತ್ತಿರಲಿಲ್ಲ...

ಮರುದಿನ ಲೈಬ್ರರಿ ತೆರೆಯುವ ಮೊದಲೇ ಸವಿತಾ ಬಾಗಿಲಲ್ಲಿದ್ದಳು. ಜರ್ನಲ್ ವಿಭಾಗ ನೋಡಿಕೊಳ್ಳುವ ನದಾಫ್ ಸರ್ ಪಟ್ಟಿ ಇಸಿದುಕೊಂಡು ಕನ್ನಡಕ ಏರಿಸಿದರು.

"ಎಲ್ಲಿ ಹುಡುಕಿದಿ ಇವನ್ನ?"

"ಮನ್ಯಾಗ, ಮೊಬೈಲ್‌ನ್ಯಾಗ್ರಿ ಸರ್."

"ಅದಕ್ಕ ನೋಡು ಬೀಗ ಬಿದ್ದಾವ. ಇವನ್ನೆಲ್ಲ ಲೈಬ್ರರಿ ರೊಕ್ಕಾ ಕಟ್ಟಿ ನಿಮಗಂತನ ತರಿಸೇತವಾ. ಲೈಬ್ರರಿ ವೆಬ್‌ಸೈಟಿನಾಗ ನಿನ್ನ ನಂಬರ್ ಹಾಕಿ ಲಾಗಿನ್ ಆಗಿ ಒಳಗ ಬರಬೇಕು. ಹೊರಗ ನಿಂತ್ರ ನೀ ನಮ್ಮಾಕಿ ಅಂತ ಅದಕ್ಕ ಹೆಂಗ ಗೊತ್ತಾಗಬೇಕು?"

ಸವಿತಾ ಲಾಗಿನ್ ಆದಳು. ಮೊದಲ ಲೇಖನದ ಹೆಸರು ಟೈಪ್ ಮಾಡಿ, ಪೂರ್ಣ ಪಠ್ಯ ಎಂಬಲ್ಲಿ ಒತ್ತಿದಳು. ಇಪ್ಪತ್ತೆರಡು ಪುಟಗಳೂ ತೆರೆದುಕೊಂಡವು... ಬೀಗ ಇರಲೇ ಇಲ್ಲ!

ಮಧ್ಯಾಹ್ನದೊಳಗೆ ಹನ್ನೊಂದು ಸಿಕ್ಕವು. ಇನ್ನು ಮೂರನ್ನು ಕೆಳಗಿನ ಕೋಣೆಯ ಹಳೆಯ ಸಂಪುಟಗಳಿಂದ ನದಾಫ್ ಸರ್ ಧೂಳು ಕೊಡವಿ ತೆಗೆದುಕೊಟ್ಟರು.

ಆದರೆ ಹದಿನೈದನೆಯದು ಸಿಗಲಿಲ್ಲ. ಬೇಕೇ ಬೇಕಾಗಿದ್ದುದು ಅದೇ.

1991ರ ಲೇಖನ. ಬರೆದವರು ಕುಸುಮಾ ಅಂಗಡಿ. ಸವಿತಾ ಓಡಾಡಿದ ಅದೇ ತಾಲ್ಲೂಕಿನ ನೂರಾ ಹದಿನೆಂಟು ಕಳೆಗಿಡಗಳ ಪಟ್ಟಿ ಅದರಲ್ಲಿತ್ತು. ಆ ಜರ್ನಲ್ ನಿಂತು ಎಷ್ಟೋ ಕಾಲವಾಗಿತ್ತು.

ನದಾಫ್ ಸರ್ ಬೇರೆ ಎರಡು ಲೈಬ್ರರಿಗಳಿಗೆ ಬರೆದು ಕೇಳಿದರು. ಆ ಸಂಚಿಕೆ ನಮ್ಮಲ್ಲಿಲ್ಲ ಎಂದು ಎರಡೂ ಕಡೆಯಿಂದ ಉತ್ತರ ಬಂತು.

"ಇನ್ನ ಒಂದ ದಾರಿ ಉಳೀತು. ಬರದವರನ್ನ ಕೇಳೂದು."

"ಮೂವತ್ತು ವರ್ಷದ ಮ್ಯಾಲಾತಲ್ರಿ ಸರ್..."

"ಕೇಳಿದ್ರ ಏನ್ ಹೊಕ್ಕೈತಿ? ನಾಚಗಿ ಬಿಟ್ಟು ಫೋನ್ ಹಚ್ಚು."

ಸಾರಾಂಶದ ಕೆಳಗೆ ಒಂದು ಕಾಲೇಜಿನ ವಿಳಾಸವಿತ್ತು. ಅಲ್ಲಿಗೆ ಫೋನ್ ಮಾಡಿದಳು. ಅಲ್ಲಿಂದ ನಿವೃತ್ತ ಗುಮಾಸ್ತರೊಬ್ಬರ ನಂಬರ್, ಅವರಿಂದ ಇನ್ನೊಬ್ಬರದು... ಐದನೇ ದಿನ ಕುಸುಮಾ ಮೇಡಂ ಸಿಕ್ಕರು. ಹಾವೇರಿಯಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದರು.

ಫೋನಿನಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಸವಿತಾ ಲೇಖನದ ಹೆಸರು ಹೇಳಿದಳು... ಸದ್ದು ನಿಂತುಹೋಯಿತು.

"ಅದನ್ನ... ನಿನಗ ಯಾರ್ ಹೇಳಿದ್ರವಾ?"

ಸವಿತಾ ತನ್ನ ಸಂಶೋಧನೆಯ ವಿಷಯ ಹೇಳಿದ ಮೇಲೆ ಮೇಡಂ ಅಂದರು, "ಒಂದ ಪ್ರತಿ ಐತಿ. ಪೋಸ್ಟಿಗೆ ಹಾಕಾಂಗಿಲ್ಲ. ನಾನ ತರ್ತೀನಿ."

ಬುಧವಾರ ಬಸ್ಸಿಳಿದು ಲೈಬ್ರರಿಗೇ ಬಂದರು. ಅರವತ್ತು ದಾಟಿದ ಹೆಂಗಸು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಂದಿದ್ದ ಲೇಖನವನ್ನು ಎರಡೂ ಕೈಯಿಂದ ಕೊಟ್ಟರು.

ಸವಿತಾ ಒಂದೊಂದೇ ಪುಟ ಸ್ಕ್ಯಾನ್ ಮಾಡುತ್ತಿದ್ದಾಗ ಮೇಡಂ ತಾವಾಗಿ ಮಾತು ತೆಗೆದರು.

"ಎರಡು ವರ್ಷ ಬಿಸಲಾಗ ತಿರಗಿ ಮಾಡಿದ್ದವಾ. ಮನ್ಯಾಗ ಎಲ್ಲಾರೂ ಕಸಾ ಎಣಸಾಕಿ ಅಂತ ನಗ್ತಿದ್ರು. ಒಬ್ಬರೂ ಓದಲಿಲ್ಲ, ಒಂದ ಪತ್ರ ಬರಲಿಲ್ಲ... ಲಗ್ನಾದ ಮ್ಯಾಲ ನಾನೂ ಬಿಟ್ಟಬಿಟ್ಟೆ."

ನದಾಫ್ ಸರ್ ಕಂಪ್ಯೂಟರಿನಲ್ಲಿ ಏನೋ ಟೈಪ್ ಮಾಡಿ, ಪರದೆಯನ್ನು ಅವರ ಕಡೆಗೆ ತಿರುಗಿಸಿದರು.

"ಓದ್ರಿ ಮೇಡಂ."

"ಏನ್ರಿ ಇದು?"

"ನಿಮ್ಮ ಲೇಖನಾನ ಆಧಾರ ಮಾಡ್ಕೊಂಡು ತಮ್ಮ ಲೇಖನಾ ಬರದವರ ಪಟ್ಟಿ. ಆಗ ಅಚ್ಚಿನ ಪ್ರತಿ ಎಲ್ಲೆಲ್ಲಿಗೋ ಹೋಗೇತಿ, ಎಲ್ಲೆಲ್ಲೋ ಓದ್ಯಾರ. ಒಟ್ಟು ನಲವತ್ತೇಳು."

ಒಂದು ಸೊಲ್ಲಾಪುರದ್ದು. ಎರಡು ತೆಲಂಗಾಣದ್ದು. ಒಂದು ದೂರದ ಇಥಿಯೋಪಿಯಾದ್ದು...

ಕುಸುಮಾ ಮೇಡಂ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಹನ್ನೆರಡನೆಯ ಸಾಲಿಗೆ ಬೆರಳು ನಿಂತಿತು. ಸೆರಗು ಕಣ್ಣಿಗೆ ಹೋಯಿತು.

"ನಾ ಅಲ್ಲಿ ರೊಟ್ಟಿ ಬಡ್ಯಾಕತ್ತಿದ್ದೆ... ಇವರೆಲ್ಲಾ ಇಲ್ಲಿ ನಂದು ಓದಾಕತ್ತಿದ್ರೇನ್ರಿ?"

"ಹೌದ್ರಿ ಮೇಡಂ. ನಿಮಗ ಹೇಳಾವ್ರು ಯಾರೂ ಇರಲಿಲ್ಲ, ಅಷ್ಟ."

ಸವಿತಾ ಸ್ಕ್ಯಾನರ್ ಮುಚ್ಚಳ ಹಿಡಿದುಕೊಂಡು ಹಾಗೇ ನಿಂತಿದ್ದಳು.

ಅಧ್ಯಾಯ ಉಳಿಯಿತು. ಹಳೆಯ ಪಟ್ಟಿಯ ಮೂವತ್ತೊಂದು ಗಿಡಗಳು ಸವಿತಾಗೆ ಹೊಲದಲ್ಲಿ ಸಿಕ್ಕಿರಲಿಲ್ಲ. ಕುಸುಮಾ ಮೇಡಂ ನಾಲ್ಕು ಭಾನುವಾರ ಜೊತೆಗೆ ನಡೆದು, ಬದುವಿನ ಅಂಚಿನಲ್ಲಿ ಅಡಗಿದ್ದ ಒಂಬತ್ತನ್ನು ಹುಡುಕಿ ತೋರಿಸಿದರು.

ಅವರ ಒಪ್ಪಿಗೆ ಪಡೆದು ಲೈಬ್ರರಿ ಆ ಲೇಖನವನ್ನು ಯಾರು ಬೇಕಾದರೂ ಓದುವಂತೆ ತನ್ನ ವೆಬ್‌ಸೈಟಿನಲ್ಲಿ ಹಾಕಿತು.

ಸವಿತಾ ಪ್ರಬಂಧ ಸಲ್ಲಿಸಿದ ದಿನ ಮೇಡಂ ಕೂಡ ಬಂದಿದ್ದರು. ಹೊರಡುವ ಮುಂಚೆ ನದಾಫ್ ಸರ್ ಟೇಬಲ್ ಹತ್ತಿರ ಹೋಗಿ, ಸಣ್ಣ ದನಿಯಲ್ಲಿ ಕೇಳಿದರು...

"ಹೊರಗಿನವರಿಗೂ ಲೈಬ್ರರಿ ಕಾರ್ಡ್ ಮಾಡಿಕೊಡ್ತೀರೇನ್ರಿ? ಆ ನಲವತ್ತೇಳನ್ನೂ ಓದಬೇಕಾಗೇತಿ ನನಗ."

ಮನಸ್ಸಿಟ್ಟು ಮಾಡಿದ ಕೆಲಸ ಎಲ್ಲೋ ಯಾರಿಗೋ ನೆರವಾಗುತ್ತಲೇ ಇರುತ್ತದೆ... ಆ ಸುದ್ದಿಯನ್ನು ಮಾಡಿದವರಿಗೆ ಮುಟ್ಟಿಸುವವರು ಮಾತ್ರ ಕಡಿಮೆ.

ಯಾರ ಕೆಲಸದಿಂದ ನಿಮ್ಮ ದಾರಿ ಸುಲಭವಾಯಿತೋ, ಅವರಿಗೆ ಆ ಮಾತನ್ನು ನೀವು ಹೇಳಿದ್ದೀರಾ?